ಹಕ್ಕಿ ಬೇಟೆಗೂ ಕ್ಲೇ ಶೂಟಿಂಗಿಗೂ ಎಂಥ ಕೋವಿ? ಅಮೆರಿಕದಲ್ಲಿರುವ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕಕ್ಕೆ ಬಂದ ನಮ್ಮವರಲ್ಲಿ ಅನೇಕರಿಗೆ ಈ ಹವ್ಯಾಸ ಹತ್ತುವುದು ಆಫೀಸಿನ ಗೆಳೆಯರಿಂದ. ಯಾರೋ ಒಂದು ಶನಿವಾರ ಕ್ಲೇ ರೇಂಜಿಗೆ, ಅಂದರೆ ಗಾಳಿಗೆ ಎಸೆದ ಬಿಲ್ಲೆಗಳಿಗೆ ಕೋವಿಯಿಂದ ಹೊಡೆಯುವ ಮೈದಾನಕ್ಕೆ, ಕರೆದುಕೊಂಡು ಹೋಗುತ್ತಾರೆ, ಹಾರುತ್ತಿದ್ದ ಕಿತ್ತಳೆ ಬಣ್ಣದ ಬಿಲ್ಲೆ ಮೊದಲ ಸಲ ಪುಡಿಯಾಗುತ್ತದೆ, ಮುಂದಿನ ವಾರಕ್ಕೆ ಸ್ವಂತ ಕೋವಿಯ ಯೋಚನೆ ಶುರುವಾಗಿರುತ್ತದೆ. ಮಲೆನಾಡು, ಕೊಡಗಿನ ಕಡೆಯವರಿಗಾದರೆ ಊರಮನೆಯ ತೋಟಾ ಕೋವಿಯ ನೆನಪೂ ಸೇರಿಕೊಳ್ಳುತ್ತದೆ. ಅಂಗಡಿಗೆ ಹೋಗಿ ನಿಂತಾಗ ಮಾತ್ರ ಗೇಜ್ (ನಳಿಗೆಯ ಒಳಗಾತ್ರ), ಚೋಕ್ (ನಳಿಗೆಯ ತುದಿಯ ಬಿಗಿತ), ಚೇಂಬರ್ (ತೋಟಾ ಕೂರುವ ಜಾಗ) ಎಂದು ಶುರುವಾಗುವ ಮಾತಿನಲ್ಲಿ ತಲೆ ಕೆಡುತ್ತದೆ. ಜನ ನನ್ನನ್ನು ರೇಂಜಿನಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಕೋವಿ ಮೊದಲು ನಿಮ್ಮ ಮೈಗೆ ಹೊಂದಬೇಕು. ಕಂಪನಿ, ಗೇಜ್, ಕೆತ್ತನೆ ಎಲ್ಲ ಆಮೇಲೆ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಕೋವಿ ಕೊಳ್ಳಬಹುದೇ?

ಕೋವಿಯ ಮಾತಿಗೆ ಮುಂಚೆ ಇದು ಇತ್ಯರ್ಥವಾಗಬೇಕು. ಎಚ್-1ಬಿ, ಎಚ್-4, ಎಲ್-1, ಎಫ್-1, ಪ್ರವಾಸಿ ವೀಸಾ ಹೀಗೆ ತಾತ್ಕಾಲಿಕ ವೀಸಾದಲ್ಲಿ ಬಂದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಇಲ್ಲಿನ ಫೆಡರಲ್ ಕಾನೂನು ನಿಷೇಧಿಸಿದೆ. ಅದರಲ್ಲೇ ಕೆಲವು ವಿನಾಯಿತಿಗಳಿವೆ. ನಮ್ಮಂಥವರಿಗೆ ಒದಗುವುದು ಒಂದು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಹೆಸರಿನಲ್ಲಿರಬೇಕು. ಅದು ಇದ್ದರೆ ಅಂಗಡಿಯಲ್ಲಿ ಕೋವಿ ಖರೀದಿಯ ಫೆಡರಲ್ ಅರ್ಜಿಯಾದ 4473 ನಮೂನೆ ತುಂಬುವಾಗ ತೋರಿಸಿ ಕೊಳ್ಳಬಹುದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆಯೇ ಇಲ್ಲ.

ಜನ ಎಡವುವುದು ಎರಡು ಕಡೆ. ಒಂದು, "ನಾನು ಕೊಳ್ಳುತ್ತಿಲ್ಲವಲ್ಲ, ಗೆಳೆಯನ ಕೋವಿಯಲ್ಲಿ ರೇಂಜಿನಲ್ಲಿ ನಾಲ್ಕು ಈಡು ಹೊಡೆಯುತ್ತೇನೆ ಅಷ್ಟೇ" ಎನ್ನುವುದು. ಕೋವಿ ನಿಮ್ಮ ಕೈಯಲ್ಲಿರುವುದೂ ಕಾನೂನಿನ ಕಣ್ಣಿಗೆ ಹೊಂದಿರುವುದೇ ಆಗಬಹುದು, ಆದ್ದರಿಂದ ಬಾಡಿಗೆ ಕೋವಿ, ಗೆಳೆಯನ ಕೋವಿ ಮುಟ್ಟುವ ಮುಂಚೆಯೂ ಬೇಟೆ ಲೈಸೆನ್ಸ್ ಜೇಬಿನಲ್ಲಿರಲಿ. ಎರಡು, ಲೈಸೆನ್ಸ್ ನವೀಕರಿಸಲು ಮರೆಯುವುದು. ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು, ಕೋವಿ ಮಾತ್ರ ಬೀರುವಿನಲ್ಲೇ ಇರುತ್ತದೆ. ಇದು ದಂಡ ಕಟ್ಟಿ ಮುಗಿಸುವ ತಪ್ಪಲ್ಲ. ದೊಡ್ಡ ಅಪರಾಧ, ಗಡೀಪಾರಿಗೂ ಕಾರಣವಾಗಬಲ್ಲದು. ಗ್ರೀನ್ ಕಾರ್ಡಿನ ಸರದಿಯಲ್ಲಿ ವರ್ಷಗಟ್ಟಲೆ ಕಾದವರು ಒಬ್ಬ ವಲಸೆ ವಕೀಲರ ಹತ್ತಿರ ಒಮ್ಮೆ ಮಾತಾಡಿಯೇ ಮುಂದುವರಿಯಿರಿ.

ಇದರ ಮೇಲೆ ರಾಜ್ಯದ ಕಾನೂನು ಬೇರೆ. ಇಲಿನಾಯ್‌ನಲ್ಲಿ ಫಾಯ್ಡ್ ಕಾರ್ಡ್ ಎಂಬ ಕೋವಿ ಮಾಲೀಕರ ಗುರುತಿನ ಚೀಟಿ ಬೇಕು, ನ್ಯೂಜೆರ್ಸಿಯಲ್ಲಿ ಖರೀದಿದಾರರ ಗುರುತಿನ ಚೀಟಿ ಬೇಕು, ಕ್ಯಾಲಿಫೋರ್ನಿಯಾದಲ್ಲಿ ಸುರಕ್ಷತಾ ಪರೀಕ್ಷೆ ಪಾಸಾಗಬೇಕು.

ಬೇಟೆ ಲೈಸೆನ್ಸ್ ಹೇಗೆ ಸಿಗುತ್ತದೆ?

ಹೊಸಬರು ಮೊದಲು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಬೇಕೆಂದು ಹೆಚ್ಚಿನ ರಾಜ್ಯಗಳ ನಿಯಮವಿದೆ. ಪಾಠ ಆನ್‌ಲೈನಿನಲ್ಲಿರುತ್ತದೆ, ಎಷ್ಟೋ ಕಡೆ ಒಂದು ದಿನ ಬಯಲಿನ ತರಬೇತಿಯೂ ಇರುತ್ತದೆ. ಬೇಟೆಗೆ ಹೋಗುವ ಮನಸ್ಸಿಲ್ಲದಿದ್ದರೂ ಮಾಡಿ. ಬೇಲಿ ದಾಟುವಾಗ ಕೋವಿ ಹೇಗಿರಬೇಕು, ಸಾಲಾಗಿ ನಡೆಯುವಾಗ ಯಾರು ಯಾವ ದಿಕ್ಕಿಗೆ ಹೊಡೆಯಬೇಕು ಎಂಬುದನ್ನು ಇಷ್ಟು ಕ್ರಮವಾಗಿ ಬೇರೆಲ್ಲೂ ಹೇಳಿಕೊಡುವುದಿಲ್ಲ.

ಬೇಟೆಗೂ ಕ್ಲೇಗೂ ಒಂದೇ ಕೋವಿ ಸಾಕೇ?

ಸಾಕು, ಆದರೆ ಎರಡರ ಬೇಡಿಕೆಯೂ ಬೇರೆ ಬೇರೆ ಎಂಬುದನ್ನು ತಿಳಿದು ಆರಿಸಬೇಕು. ಕ್ಲೇ ರೇಂಜಿನಲ್ಲಿ ಕೋವಿ ಹೊತ್ತು ನಡೆಯುವುದು ಕಡಿಮೆ, ಹೊಡೆಯುವುದು ಜಾಸ್ತಿ. ಒಂದು ಮಧ್ಯಾಹ್ನಕ್ಕೆ ನೂರು ತೋಟಾ ಖಾಲಿಯಾಗುತ್ತದೆ. ಅಲ್ಲಿ ಮೂರೂವರೆ ಕಿಲೋ ದಾಟಿದ ಭಾರದ ಕೋವಿಯೇ ಸುಖ, ಒದೆತ ಕಡಿಮೆ, ತಿರುಗಿಸುವಾಗ ನಳಿಗೆ ತಡವರಿಸುವುದಿಲ್ಲ. ಬೇಟೆಯಲ್ಲಿ ಇದರ ಉಲ್ಟಾ. ಸೌತ್ ಡಕೋಟದ ಹುಲ್ಲುಗಾವಲಿನಲ್ಲಿ ಫೆಸೆಂಟ್ ಎಂಬ ಕೋಳಿ ಜಾತಿಯ ಹಕ್ಕಿಯನ್ನು ಹುಡುಕುತ್ತಾ ಬೆಳಗಿನಿಂದ ಸಂಜೆವರೆಗೆ ನಡೆದರೂ ಬೆರಳೆಣಿಕೆಯಷ್ಟು ಈಡು ಹೊಡೆದರೆ ಹೆಚ್ಚು. ಅಲ್ಲಿ ಮೂರು ಕಿಲೋ ಒಳಗಿನ ಕೋವಿ ಬೇಕೆನಿಸುತ್ತದೆ. ಹಗುರ ಮಾಡಿದಷ್ಟೂ ಒದೆತ ಏರುತ್ತದೆ. ಅದೇ ತೋಟಾವನ್ನು 3.6 ಕಿಲೋ ಕೋವಿಯಿಂದ ಹೊಡೆಯುವುದಕ್ಕೂ 2.7 ಕಿಲೋ ಕೋವಿಯಿಂದ ಹೊಡೆಯುವುದಕ್ಕೂ ಒದೆತದ ಶಕ್ತಿಯಲ್ಲಿ ಮೂರನೇ ಒಂದು ಪಾಲು ವ್ಯತ್ಯಾಸ.

ಒಂದೇ ಕೋವಿ ಎಂದಾದರೆ ನನ್ನ ಸಲಹೆ ಇದು: 12 ಗೇಜ್, 28 ಇಂಚಿನ ನಳಿಗೆ, ಸುಮಾರು 3.2 ಕಿಲೋ ಭಾರ, ಬದಲಿಸಬಹುದಾದ ಚೋಕ್‌ಗಳು. ಇದು ಸ್ಪೋರ್ಟಿಂಗ್ ಕ್ಲೇಸ್, ಸ್ಕೀಟ್ ಎಂಬ ಕ್ಲೇ ಆಟಗಳು, ಬೆಳವದ ಹಕ್ಕಿ, ಫೆಸೆಂಟ್, ಬಾತು ಎಲ್ಲಕ್ಕೂ ನಡೆಯುತ್ತದೆ. ಟ್ರ್ಯಾಪ್ ಎಂಬ ಇನ್ನೊಂದು ಕ್ಲೇ ಆಟಕ್ಕೆಂದೇ ಮಾಡಿದ ಕೋವಿಯನ್ನು ಮಾತ್ರ ಮೊದಲ ಕೋವಿಯಾಗಿ ಕೊಳ್ಳಬೇಡಿ. ಟ್ರ್ಯಾಪ್ ಬಿಲ್ಲೆ ಯಾವಾಗಲೂ ಏರುತ್ತಾ ಹೋಗುವುದರಿಂದ ಆ ಕೋವಿಗಳ ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ಗುರಿಗಿಂತ ಮೇಲಕ್ಕೇ ಬೀಳುವಂತೆ ಮಾಡಿರುತ್ತಾರೆ. ತಲೆಯ ಮೇಲಿಂದ ಇಳಿಯುತ್ತಾ ಹೋಗುವ ಹಕ್ಕಿಗೆ ಅದರಲ್ಲಿ ಹೊಡೆದರೆ ಚರೆ ಮೇಲೇ ಹಾದುಹೋಗುತ್ತದೆ.

12 ಗೇಜ್ ತೆಗೆದುಕೊಳ್ಳಲೋ, 20 ತೆಗೆದುಕೊಳ್ಳಲೋ?

ಊರಿನಲ್ಲಿ ಹನ್ನೆರಡು ಬೋರ್ ಎನ್ನುತ್ತೇವಲ್ಲ, ಇಲ್ಲಿನ 12 ಗೇಜ್ ಅದೇ. ನಳಿಗೆಯ ಒಳಗಾತ್ರಕ್ಕೆ ಸರಿಯಾದ ಸೀಸದ ಗುಂಡುಗಳು ಎಷ್ಟು ಸೇರಿದರೆ ಒಂದು ಪೌಂಡ್ ಆಗುತ್ತದೋ ಆ ಸಂಖ್ಯೆಯೇ ಗೇಜ್. ಹಾಗಾಗಿ ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಕಿರಿದು: 12ರ ಒಳವ್ಯಾಸ 18.5 ಮಿಲಿಮೀಟರ್, 20ರದು 15.6. 410 ಎನ್ನುವುದು ಮಾತ್ರ ಗೇಜ್ ಅಲ್ಲ, ಇಂಚಿನ ಲೆಕ್ಕದಲ್ಲಿ ಹೇಳಿದ ಒಳವ್ಯಾಸ.

12ರಲ್ಲಿ 24 ಗ್ರಾಂ ಚರೆಯ ಮೆತ್ತಗಿನ ತೋಟಾದಿಂದ ಹಿಡಿದು ಬಾತಿನ ಭಾರಿ ತೋಟಾದವರೆಗೆ ಎಲ್ಲವೂ ಸಿಗುತ್ತದೆ, ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ. 20 ಗೇಜ್ ಕೋವಿ ತೆಳ್ಳಗೆ, ಹಗುರ. ಬೆಳವ, ಕ್ವೇಲ್, ಗ್ರೌಸ್ ಹಕ್ಕಿಗಳಿಗೆ ಅದು ಧಾರಾಳ ಸಾಕು. ವಿಸ್ಕಾನ್ಸಿನ್, ಮಿಷಿಗನ್ ಕಾಡುಗಳ ದಟ್ಟ ಪೊದೆಗಳಲ್ಲಿ ರಫ್ಡ್ ಗ್ರೌಸ್ ಬುರ್ರೆಂದು ಎದ್ದಾಗ ಹಗುರ 20ರಷ್ಟು ಚುರುಕು 12ಕ್ಕೆ ಬರುವುದಿಲ್ಲ. 28 ಗೇಜ್ ಬಹಳ ಚೆಂದದ ಕೋವಿ, ತೋಟಾದ ಬೆಲೆ ಕೇಳಿದ ಮೇಲೂ ಆಸೆ ಉಳಿದರೆ ಎರಡನೆಯದಾಗಿ ಕೊಳ್ಳಿ.

ಮನೆಯಲ್ಲಿ 12 ಮತ್ತು 20 ಎರಡೂ ಇದ್ದರೆ ಜೀವದ ಪ್ರಶ್ನೆಯೊಂದಿದೆ. 20ರ ತೋಟಾ 12ರ ನಳಿಗೆಗೆ ಬಿದ್ದರೆ ಒಳಕ್ಕೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ನೋಡಿದವರಿಗೆ ಚೇಂಬರ್ ಖಾಲಿ. ಅದರ ಹಿಂದೆ 12ರ ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ, ಮುಂಗೈ ಇರುವುದೂ ಅಲ್ಲೇ. ಇದೇ ಕಾರಣಕ್ಕೆ ಅಮೆರಿಕದಲ್ಲಿ 20ರ ತೋಟಾ ಹಳದಿ ಬಣ್ಣದಲ್ಲಿ ಬರುತ್ತದೆ. ಒಂದು ಜೇಬಿನಲ್ಲಿ, ಒಂದು ಚೀಲದಲ್ಲಿ ಎಂದೂ ಎರಡನ್ನು ಬೆರೆಸಬೇಡಿ. ಬೇಟೆಗೆ ಹೊರಡುವ ಮುಂಚೆ ಅಂಗಿಯ ಜೇಬುಗಳನ್ನು ಪೂರ್ತಿ ಖಾಲಿ ಮಾಡಿಕೊಳ್ಳಿ.

ಕೋವಿ ನನ್ನ ಮೈಗೆ ಹೊಂದುತ್ತದೆ ಎಂದು ಹೇಗೆ ತಿಳಿಯುವುದು?

ರೈಫಲ್ಲಿನಲ್ಲಿ ಗುರಿ ನೋಡಲು ಹಿಂದೊಂದು ಮುಂದೊಂದು ಗುರುತು ಇರುತ್ತದೆ. ಚರೆ ಕೋವಿಯಲ್ಲಿ ಹಿಂದಿನ ಗುರುತು ನಿಮ್ಮ ಕಣ್ಣೇ. ಕಣ್ಣು ಎಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಕೆನ್ನೆ ಒರಗುವ ಮರ. ಆ ಮರ ಅರ್ಧ ಸೆಂಟಿಮೀಟರ್ ತಗ್ಗಿದ್ದರೂ ಮೂವತ್ತು ಗಜದಾಚೆಯ ಹಕ್ಕಿಗೆ ಚರೆ ಕೆಳಗೆ ಬೀಳುತ್ತದೆ. ಹಾರುವ ಹಕ್ಕಿಗೆ ಹೊಡೆಯುವಾಗ ಗುರಿ ಹಿಡಿದು ನಿಲ್ಲುವ ಸಮಯವೂ ಇರುವುದಿಲ್ಲ. ನೋಟ ಹಕ್ಕಿಯ ಮೇಲಿರಬೇಕು, ಕೋವಿ ತಾನಾಗಿ ನೋಟವಿದ್ದಲ್ಲಿಗೆ ಬರಬೇಕು. ಹೊಂದದ ಕೋವಿಯಲ್ಲಿ ನೀವು ಪ್ರತಿ ಸಲವೂ ಕತ್ತು ಬಗ್ಗಿಸಿ ಸರಿಮಾಡಿಕೊಳ್ಳುತ್ತೀರಿ, ಅಷ್ಟರಲ್ಲಿ ಹಕ್ಕಿ ದಾಟಿರುತ್ತದೆ.

ಅಂಗಡಿಯಲ್ಲೇ ಹೀಗೆ ನೋಡಿ. ಕೋವಿ ಖಾಲಿ ಇದೆಯೆಂದು ನೀವೇ ತೆರೆದು ಖಚಿತಪಡಿಸಿಕೊಳ್ಳಿ, ಅಂಗಡಿಯವರ ಅನುಮತಿ ಪಡೆದು ಸುರಕ್ಷಿತ ದಿಕ್ಕಿನ ಗೋಡೆಯ ಮೂಲೆಯೊಂದನ್ನು ಗುರಿ ಮಾಡಿಕೊಳ್ಳಿ. ಕಣ್ಣು ಮುಚ್ಚಿ, ಕೋವಿಯನ್ನು ಹೆಗಲಿಗೇರಿಸಿ, ಕೆನ್ನೆ ಸಹಜವಾಗಿ ಒರಗಿದ ಮೇಲೆ ಕಣ್ಣು ತೆರೆಯಿರಿ. ತುದಿಯ ಮಣಿ ನೇರವಾಗಿ ಕಂಡು, ನಳಿಗೆಯ ಮೇಲಿನ ಪಟ್ಟಿ ಒಂದಿಷ್ಟೇ ಕಂಡರೆ ಒಳ್ಳೆಯದು. ಪಟ್ಟಿ ಉದ್ದಕ್ಕೂ ದಾರಿಯಂತೆ ಕಂಡರೆ ಕಣ್ಣು ಎತ್ತರದಲ್ಲಿದೆ, ಚರೆ ಮೇಲೆ ಹೋಗುತ್ತದೆ. ಕೋವಿಯ ಬೆನ್ನು ಬಿಟ್ಟು ಏನೂ ಕಾಣದಿದ್ದರೆ ಕಣ್ಣು ತಗ್ಗಿನಲ್ಲಿದೆ. ಮಣಿ ಎಡಕ್ಕೋ ಬಲಕ್ಕೋ ಸರಿದಿದ್ದರೆ ಮರದ ಅಡ್ಡ ಬಾಗು ನಿಮಗೆ ಸರಿಯಿಲ್ಲ. ನಾಲ್ಕೈದು ಸಲ ಮಾಡಿ, ಮೊದಲನೆಯ ಸಲದ್ದನ್ನು ಮಾತ್ರ ನಂಬಬೇಡಿ.

ಉದ್ದದ ಲೆಕ್ಕ ಇನ್ನೊಂದು. ಟ್ರಿಗರಿನಿಂದ ಹಿಂಬದಿ ಮರದ ತುದಿಯವರೆಗಿನ ಅಳತೆ ಇಲ್ಲಿನ ಕೋವಿಗಳಲ್ಲಿ ಸಾಮಾನ್ಯವಾಗಿ 14ರಿಂದ 14½ ಇಂಚು. ಇದನ್ನು ಸರಾಸರಿ ಅಮೆರಿಕನ್ ಗಂಡಸಿನ ಮೈಕಟ್ಟಿಗೆ ಮಾಡಿರುತ್ತಾರೆ. ಐದಡಿ ನಾಲ್ಕಿಂಚು ಎತ್ತರದವರಿಗೆ ಅದು ಉದ್ದವಾಯಿತು, ಹೆಗಲಿಗೇರಿಸುವಾಗ ಕಂಕುಳಲ್ಲಿ ಬಟ್ಟೆಗೆ ಸಿಕ್ಕುತ್ತದೆ. ತೀರಾ ಗಿಡ್ಡವಾದರೆ ಹೊಡೆದಾಗ ಹೆಬ್ಬೆರಳಿನ ಗೆಣ್ಣು ಮೂಗಿಗೆ ಬಡಿಯುತ್ತದೆ. ಬೇಸಿಗೆಯಲ್ಲಿ ಟೀಶರ್ಟ್ ಹಾಕಿಕೊಂಡು ಅಳತೆ ನೋಡಿ ಕೊಂಡವರು ಇನ್ನೊಂದನ್ನೂ ಮರೆಯುತ್ತಾರೆ: ನವೆಂಬರಿನ ಫೆಸೆಂಟ್ ಬೇಟೆಗೆ ಮೂರು ಪದರ ಬಟ್ಟೆ ತೊಟ್ಟಾಗ ಅದೇ ಕೋವಿ ಉದ್ದವಾಗುತ್ತದೆ. ಚಳಿಗಾಲದ ಜಾಕೆಟ್ ಅಂಗಡಿಗೆ ತೆಗೆದುಕೊಂಡು ಹೋಗಿ, ತೊಟ್ಟು ನೋಡಿ. ಯಾರೂ ನಗುವುದಿಲ್ಲ.

ಹೊಂದದಿದ್ದರೆ ಸರಿಪಡಿಸುವ ದಾರಿಗಳಿವೆ. ಬೆರೆಟ್ಟಾ, ಬೆನೆಲ್ಲಿಗಳಂಥ ಸೆಮಿ ಆಟೋ (ಮುಂದಿನ ತೋಟಾವನ್ನು ತಾನೇ ಏರಿಸಿಕೊಳ್ಳುವ) ಕೋವಿಗಳ ಜೊತೆ ಮರದ ಬಾಗು ಬದಲಿಸುವ ತೆಳು ಬಿಲ್ಲೆಗಳು ಬರುತ್ತವೆ, ಕೆಲವು ಕ್ಲೇ ಕೋವಿಗಳಲ್ಲಿ ಕೆನ್ನೆಯ ಮರವನ್ನು ಏರಿಸಿ ಇಳಿಸಬಹುದು, ಹಿಂಬದಿಯ ರಬ್ಬರ್ ತೆಗೆದು ಮರ ಕತ್ತರಿಸಿಕೊಡುವ ಗನ್‌ಸ್ಮಿತ್‌ಗಳಿದ್ದಾರೆ. ಎರಡು ಸಾವಿರ ಡಾಲರಿನ ಹೊಂದದ ಕೋವಿಗಿಂತ ಆರುನೂರು ಡಾಲರಿನದ್ದನ್ನು ಕೊಂಡು ನೂರು ಡಾಲರ್ ಕೊಟ್ಟು ಮೈಗೆ ಕೂರಿಸಿಕೊಂಡದ್ದು ಮೇಲು.

ಎಡಗಣ್ಣು ಬಲಗಣ್ಣಿನ ಪರೀಕ್ಷೆ ಎನ್ನುತ್ತಾರಲ್ಲ, ಏನದು?

ಎರಡು ಕಣ್ಣಲ್ಲಿ ಒಂದು ಯಜಮಾನ. ದೂರದ ಒಂದು ಬಲ್ಬಿಗೆ ಎರಡೂ ಕಣ್ಣು ತೆರೆದು ತೋರುಬೆರಳು ತೋರಿಸಿ, ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಬೆರಳು ಬಲ್ಬಿನ ಮೇಲೇ ಇರುತ್ತದೋ ಅದು ನಿಮ್ಮ ಗುರಿಯ ಕಣ್ಣು. ಬಲಗೈಯವರಿಗೆ ಎಡಗಣ್ಣು ಯಜಮಾನನಾದರೆ ಬಲ ಹೆಗಲಿನಿಂದ ಹೊಡೆದ ಚರೆ ಎಡಕ್ಕೆ ಹೋಗುತ್ತದೆ. ಹೊಸಬರಾದರೆ ಎಡ ಹೆಗಲಿನಿಂದಲೇ ಕಲಿಯಿರಿ. ಅದು ಆಗದಿದ್ದರೆ ಕನ್ನಡಕದ ಎಡ ಗಾಜಿಗೆ ಚಿಕ್ಕ ಟೇಪಿನ ಚುಕ್ಕೆ ಅಂಟಿಸಿಕೊಳ್ಳುವುದು ಎಲ್ಲ ರೇಂಜುಗಳಲ್ಲೂ ಕಾಣುವ ಉಪಾಯ. ಕೋವಿ ಕೊಳ್ಳುವ ಮುಂಚೆಯೇ ಇದನ್ನು ನೋಡಿಕೊಳ್ಳಿ, ಎಡಗೈಯ ಕೋವಿ ಬೇಕೋ ಬಲಗೈಯದೋ ಎಂಬುದು ಇದರ ಮೇಲೆ ನಿಂತಿದೆ.

ಪಂಪ್, ಸೆಮಿ ಆಟೋ, ಜೋಡಿ ನಳಿಗೆ: ಯಾವುದು?

ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ಏರಿಸುವ ಪಂಪ್ ಅಗ್ಗ, ಗಟ್ಟಿ. 1950ರಲ್ಲಿ ಬಂದ ರೆಮಿಂಗ್ಟನ್ 870, 1961ರ ಮಾಸ್‌ಬರ್ಗ್ 500 ಇವತ್ತಿಗೂ ಹೊಲದಲ್ಲಿ, ದೋಣಿಯಲ್ಲಿ, ಟ್ರಕ್ಕಿನ ಹಿಂದೆ ಕಾಣುತ್ತವೆ. ಆದರೆ ಎರಡು ಬಿಲ್ಲೆ ಒಟ್ಟಿಗೆ ಹಾರುವ ಆಟದಲ್ಲಿ ಹೊಸಬರು ಎರಡನೆಯದಕ್ಕೆ ಪಂಪ್ ಎಳೆಯುವಷ್ಟರಲ್ಲಿ ಕೋವಿ ಕೆನ್ನೆಯಿಂದ ಏಳುತ್ತದೆ.

ಸೆಮಿ ಆಟೋದಲ್ಲಿ ಎರಡು ಬಗೆ. ಗ್ಯಾಸ್ ಬಗೆಯದು ಸಿಡಿತದ ಅನಿಲದಿಂದಲೇ ಮುಂದಿನ ತೋಟಾ ಏರಿಸಿಕೊಳ್ಳುತ್ತದೆ. ಒದೆತ ಮೆತ್ತಗೆ, ಮಸಿ ಜಾಸ್ತಿ, ಆಗಾಗ ಬಿಚ್ಚಿ ಒರೆಸಬೇಕು. ಬೆರೆಟ್ಟಾ ಎ300 ಈ ಬಗೆಯದು. ಇನರ್ಷಿಯಾ ಬಗೆಯದು ಒದೆತದ ಬಲವನ್ನೇ ಬಳಸುತ್ತದೆ. ಒಳಗೆ ಸ್ವಚ್ಛ, ಹಗುರ, ಕೆಸರು ಚಳಿಗೆ ಅಂಜುವುದಿಲ್ಲ, ಆದರೆ ಹೆಚ್ಚು ಒದೆಯುತ್ತದೆ, ತೀರಾ ಮೆತ್ತಗಿನ ತೋಟಾ ಹಾಕಿದರೆ ಕೆಲವು ತಡವರಿಸುತ್ತವೆ. ಬೆನೆಲ್ಲಿ ಹೆಸರಾಗಿರುವುದು ಇದರಲ್ಲಿ.

ಮೇಲೆ ಕೆಳಗೆ ಎರಡು ನಳಿಗೆ ಇರುವ ಓವರ್ ಅಂಡರ್ ಕ್ಲೇ ಲೋಕದ ಅರಸ. ಜಾನ್ ಬ್ರೌನಿಂಗ್ 1926ರಲ್ಲಿ ತೀರಿಕೊಳ್ಳುವಾಗ ಕೈಯಲ್ಲಿದ್ದ ಕೊನೆಯ ವಿನ್ಯಾಸ ಇಂಥದ್ದೇ, ಸೂಪರ್‌ಪೋಸ್ಡ್. ಇಂದಿನ ಬ್ರೌನಿಂಗ್ ಸಿಟೋರಿ ಅದರ ವಂಶದ್ದು, ಜಪಾನಿನ ಮಿರೋಕು ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಎರಡು ನಳಿಗೆಗೆ ಎರಡು ಬೇರೆ ಚೋಕ್ ಹಾಕಬಹುದು: ಹತ್ತಿರದ ಹಕ್ಕಿಗೆ ಒಂದು, ದೂರ ಹೋದದ್ದಕ್ಕೆ ಇನ್ನೊಂದು. ಮಡಚಿ ತೆರೆದಿಟ್ಟರೆ ಕೋವಿ ಖಾಲಿ ಎಂದು ಹತ್ತು ಹೆಜ್ಜೆ ದೂರದವರಿಗೂ ಕಾಣುತ್ತದೆ. ನನಗೆ ಇದರ ಮೇಲಿರುವ ಪ್ರೀತಿಗೆ ಮುಖ್ಯ ಕಾರಣ ಇದೇ. ಅಕ್ಕಪಕ್ಕ ನಳಿಗೆಯ ಊರಿನ ಜೋಡಿ ಕೋವಿ ಗ್ರೌಸ್, ಕ್ವೇಲ್ ಹುಡುಕುತ್ತಾ ನಡೆಯುವುದಕ್ಕೆ ಬಹಳ ಹಿತ, ಕ್ಲೇಗೆ ಕಡಿಮೆ ಜನ ಬಳಸುತ್ತಾರೆ.

ಬೆಲೆ ಅಂದಾಜಿಗೆ: ಹೊಸ ಪಂಪ್ ನಾನೂರು ಐನೂರು ಡಾಲರ್, ಒಳ್ಳೆಯ ಗ್ಯಾಸ್ ಸೆಮಿ ಆಟೋ ಸಾವಿರದ ಆಸುಪಾಸು, ನಂಬಬಹುದಾದ ಓವರ್ ಅಂಡರ್ ಎರಡು ಸಾವಿರದ ಮೇಲೆ. ಮಧ್ಯಮ ಬಜೆಟ್ಟಿನ ಹೊಸಬರಿಗೆ ನಾನು ಗ್ಯಾಸ್ ಸೆಮಿ ಆಟೋ ಹೇಳುತ್ತೇನೆ. ತೀರಾ ಅಗ್ಗದ ಹೊಸ ಓವರ್ ಅಂಡರ್‌ಗಿಂತ ಒಳ್ಳೆಯ ಸೆಮಿ ಆಟೋ ಹೆಚ್ಚು ವರ್ಷ ಬಾಳುತ್ತದೆ.

ಟ್ರ್ಯಾಪ್, ಸ್ಕೀಟ್, ಸ್ಪೋರ್ಟಿಂಗ್ ಕ್ಲೇಸ್: ಬೇಟೆಗೆ ಯಾವುದು ಒಳ್ಳೆ ಅಭ್ಯಾಸ?

ಟ್ರ್ಯಾಪಿನಲ್ಲಿ ಬಿಲ್ಲೆ ನಿಮ್ಮ ಮುಂದಿನ ಗುಂಡಿಯಿಂದ ಎದ್ದು ದೂರಕ್ಕೆ ಓಡುತ್ತದೆ. ಕಾಲಬುಡದಿಂದ ಎದ್ದು ಹಾರುವ ಫೆಸೆಂಟಿನ ಹಾಗೆ. ಸ್ಕೀಟಿನಲ್ಲಿ ಎಡದ ಎತ್ತರದ ಮನೆ, ಬಲದ ತಗ್ಗಿನ ಮನೆಗಳಿಂದ ಬಿಲ್ಲೆಗಳು ಅಡ್ಡ ಹಾಯುತ್ತವೆ. 1920ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನ ಆಂಡೋವರಿನಲ್ಲಿ ಗ್ರೌಸ್ ಬೇಟೆಗಾರರು ಅಭ್ಯಾಸಕ್ಕೆಂದೇ ಕಟ್ಟಿಕೊಂಡ ಆಟ ಇದು. ಅಡ್ಡ ಹಾರುವ ಬೆಳವಕ್ಕೂ ಬಾತಿಗೂ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಸ್ಪೋರ್ಟಿಂಗ್ ಕ್ಲೇಸ್‌ನಲ್ಲಿ ಕಾಡುದಾರಿಯಲ್ಲಿ ನಡೆಯುತ್ತಾ ಪ್ರತಿ ನಿಲ್ದಾಣದಲ್ಲಿ ಬೇರೆ ಬೇರೆ ಕೋನಕ್ಕೆ ಹೊಡೆಯುತ್ತೀರಿ.

ಯಾವ ಆಟವಾದರೂ ಬೇಟೆಗೆ ಅಭ್ಯಾಸವೆಂದು ಆಡುವವರು ಕೋವಿಯನ್ನು ಮೊದಲೇ ಹೆಗಲಿಗೇರಿಸಿಕೊಂಡು ನಿಲ್ಲಬೇಡಿ. ಸೊಂಟದ ಮೇಲೆ ಹಿಡಿದು ಬಿಲ್ಲೆ ಕಂಡ ಮೇಲೆ ಏರಿಸಿ. ಒಲಿಂಪಿಕ್ ಸ್ಕೀಟಿನ ನಿಯಮವೂ ಇದೇ.

ಕ್ಲೇ ಅಭ್ಯಾಸವಿಲ್ಲದೆ ನೇರ ಬೇಟೆಗೆ ಹೋಗಬಹುದಲ್ಲವೇ?

ಕಾನೂನು ತಡೆಯುವುದಿಲ್ಲ. ನಾನು ಬೇಡ ಎನ್ನುತ್ತೇನೆ. ಬಿಲ್ಲೆ ತಪ್ಪಿದರೆ ನೆಲಕ್ಕೆ ಬಿದ್ದು ಒಡೆಯುತ್ತದೆ, ಅಷ್ಟೇ. ಹಕ್ಕಿಗೆ ಅಂಚಿನ ಎರಡು ಚರೆ ತಾಗಿದರೆ ಅದು ಹಾರಿಹೋಗಿ ಎಲ್ಲೋ ಹುಲ್ಲಿನಲ್ಲಿ ನರಳಿ ಸಾಯುತ್ತದೆ. ಎಷ್ಟು ದೂರಕ್ಕೆ ಹೊಡೆದರೆ ನಿಮ್ಮಿಂದ ಬಿಲ್ಲೆ ಖಾತ್ರಿಯಾಗಿ ಪುಡಿಯಾಗುತ್ತದೋ, ಹಕ್ಕಿಗೂ ಅಷ್ಟೇ ದೂರ ನಿಮ್ಮ ಮಿತಿ. ಅದಕ್ಕಿಂತ ಆಚೆ ಎದ್ದದ್ದನ್ನು ಹಾರಿಹೋಗಲು ಬಿಡಿ. ಬಿದ್ದದ್ದನ್ನು ಹುಡುಕಿ ತರುವ ನಾಯಿ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಚೋಕ್ ಎಂದರೇನು? ಯಾವುದು ಹಾಕಲಿ?

ನಳಿಗೆಯ ತುದಿಯ ಬಿಗಿತ. ಬಿಗಿಯಾದಷ್ಟೂ ಚರೆ ಒತ್ತಾಗಿ ದೂರ ಹೋಗುತ್ತದೆ, ಸಡಿಲವಾದಷ್ಟೂ ಬೇಗ ಹರಡುತ್ತದೆ. 40 ಗಜದ ದೂರದಲ್ಲಿ 30 ಇಂಚಿನ ವೃತ್ತದೊಳಗೆ ಬೀಳುವ ಚರೆಯ ಪ್ರಮಾಣವೇ ಹಳೆಯ ಅಳತೆ: ಸಿಲಿಂಡರ್ ಶೇ. 40, ಇಂಪ್ರೂವ್ಡ್ ಸಿಲಿಂಡರ್ 50, ಮಾಡಿಫೈಡ್ 60, ಫುಲ್ 70. ಸ್ಕೀಟಿಗೆ, ಕ್ವೇಲಿಗೆ, ಗ್ರೌಸಿಗೆ ಸಡಿಲದ್ದು. ಟ್ರ್ಯಾಪಿಗೆ ಮಾಡಿಫೈಡ್ ಅಥವಾ ಫುಲ್. ಉಳಿದದ್ದಕ್ಕೆಲ್ಲ ಇಂಪ್ರೂವ್ಡ್ ಸಿಲಿಂಡರ್ ಹಾಕಿ ಮರೆತುಬಿಡಿ. ಹೊಸಬರು ಬಿಗಿ ಚೋಕ್ ಹಾಕಿಕೊಂಡು ತಮಗೆ ತಾವೇ ಆಟ ಕಷ್ಟ ಮಾಡಿಕೊಳ್ಳುತ್ತಾರೆ.

ಒಂದು ದೊಡ್ಡ ಕಾಗದಕ್ಕೆ ನಿಮ್ಮದೇ ತೋಟಾ ಹೊಡೆದು ನೋಡಿ. ಚೋಕಿನ ಮೇಲೆ ಬರೆದದ್ದಕ್ಕೂ ಕಾಗದದ ಮೇಲಿನ ಚುಕ್ಕೆಗಳಿಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ.

ಯಾವ ಹಕ್ಕಿಗೆ ಯಾವ ಚರೆ?

ನಂಬರು ದೊಡ್ಡದಾದಷ್ಟೂ ಚರೆ ಸಣ್ಣದು. ಸೀಸದ 8ನೇ ನಂಬರಿನ ಚರೆ 28 ಗ್ರಾಂ ತೂಕಕ್ಕೆ ಸುಮಾರು 410 ಸಿಗುತ್ತದೆ, 6ನೇ ನಂಬರಾದರೆ 225. ಕ್ಲೇಗೆ 7½, 8 ಅಥವಾ 9. ಇದಕ್ಕಿಂತ ದಪ್ಪ ಚರೆಯನ್ನು ಹೆಚ್ಚಿನ ರೇಂಜುಗಳು ಒಳಗೇ ಬಿಡುವುದಿಲ್ಲ. ಬೆಳವಕ್ಕೆ, ಕ್ವೇಲಿಗೆ 7½ ಅಥವಾ 8. ಫೆಸೆಂಟಿಗೆ 5 ಅಥವಾ 6. ಫೆಸೆಂಟಿನಲ್ಲಿ ಹೆಚ್ಚಿನ ಕಡೆ ಹುಂಜ ಮಾತ್ರ ಹೊಡೆಯಬಹುದು, ಹೇಟೆ ಹೊಡೆದರೆ ದಂಡ.

ಬಾತು, ಹೆಬ್ಬಾತುಗಳಿಗೆ ಸೀಸ ಪೂರ್ತಿ ನಿಷಿದ್ಧ, 1991ರಿಂದ ಇಡೀ ದೇಶದಲ್ಲಿ. ನೀರಹಕ್ಕಿಗಳು ಕೆಸರಿನಲ್ಲಿ ಬಿದ್ದ ಚರೆಯನ್ನು ಕಲ್ಲೆಂದು ನುಂಗಿ, ಅದು ಹೊಟ್ಟೆಯಲ್ಲಿ ಸವೆದು ವಿಷವಾಗಿ ಸಾಯುತ್ತಿದ್ದವು. ಈಗ ಉಕ್ಕಿನ ಚರೆ ಸಾಮಾನ್ಯ. ಉಕ್ಕು ಸೀಸಕ್ಕಿಂತ ಹಗುರವಾದ್ದರಿಂದ ಎರಡು ನಂಬರು ದಪ್ಪ ಚರೆ ಆರಿಸಿ: ಬಾತಿಗೆ ಸೀಸದ 4 ಇದ್ದಲ್ಲಿ ಉಕ್ಕಿನ 2. ಉಕ್ಕು ಒತ್ತಾಗಿಯೇ ಹೋಗುವುದರಿಂದ ಫುಲ್ ಚೋಕ್ ಬೇಡ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಯಾವ ಬೇಟೆಗೂ ಸೀಸ ಬಳಸುವಂತಿಲ್ಲ. ಮಿನೆಸೋಟ, ಡಕೋಟಗಳಲ್ಲಿ ಬಾತುಗಳಿಗೆಂದು ಕಾದಿಟ್ಟ ಸರ್ಕಾರಿ ಭೂಮಿಗಳಲ್ಲಿ ಫೆಸೆಂಟ್ ಹುಡುಕಿದರೂ ಉಕ್ಕೇ ಬೇಕು.

ವಲಸೆ ಹಕ್ಕಿಗಳಿಗೆ, ಅಂದರೆ ಬೆಳವ ಬಾತುಗಳಿಗೆ, ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯಬಾರದು. ಪಂಪ್ ಮತ್ತು ಸೆಮಿ ಆಟೋಗಳ ಮ್ಯಾಗಜೀನಿನಲ್ಲಿ ಮರದ್ದೋ ಪ್ಲಾಸ್ಟಿಕ್ಕಿನದ್ದೋ ಒಂದು ಕಡ್ಡಿ ಅದಕ್ಕೇ ಇರುತ್ತದೆ, ಸ್ವಚ್ಛ ಮಾಡುವಾಗ ತೆಗೆದು ಮರೆಯಬೇಡಿ. ಬಾತಿಗೆ 16 ವರ್ಷ ತುಂಬಿದವರು 25 ಡಾಲರಿನ ಫೆಡರಲ್ ಡಕ್ ಸ್ಟ್ಯಾಂಪ್ ಎಂಬ ಪರವಾನಗಿ ಚೀಟಿಯನ್ನೂ ಕೊಳ್ಳಬೇಕು. 1934ರಿಂದ ಇದರ ಹಣದಲ್ಲೇ ಜೌಗುಭೂಮಿಗಳನ್ನು ಕೊಂಡು ಕಾಪಾಡುತ್ತಾ ಬಂದಿದ್ದಾರೆ. ನೀವು ಕೋವಿ, ತೋಟಾ ಕೊಂಡಾಗಲೂ ಶೇ. 11ರ ತೆರಿಗೆ 1937ರ ಕಾಯ್ದೆಯಂತೆ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ.

ಚೇಂಬರ್ ಉದ್ದ ನೋಡಬೇಕೇ?

ನೋಡಲೇಬೇಕು. ನಳಿಗೆಯ ಮೇಲೆ 2¾, 3 ಅಥವಾ 3½ ಇಂಚು ಎಂದು ಕೊರೆದಿರುತ್ತದೆ. ಚಿಕ್ಕ ತೋಟಾ ಉದ್ದ ಚೇಂಬರಿನಲ್ಲಿ ಹೊಡೆಯಬಹುದು, ಉದ್ದ ತೋಟಾ ಚಿಕ್ಕ ಚೇಂಬರಿನಲ್ಲಿ ಎಂದಿಗೂ ಕೂಡದು. ಒಳಗೇನೋ ಹೋಗುತ್ತದೆ, ಆದರೆ ಹೊಡೆದಾಗ ತೋಟಾದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಎಷ್ಟೋ 2½ ಇಂಚಿನವು, ಅವುಗಳಿಗೆ ಇಂದಿನ ಮಾಮೂಲಿ ತೋಟಾ ಕೂಡ ಉದ್ದ. ಉಕ್ಕಿನ ಚರೆಯನ್ನಂತೂ ಅಂಥವುಗಳಲ್ಲಿ ಹಾಕಲೇಬೇಡಿ. 3 ಇಂಚಿನ ಚೇಂಬರ್ ಎಲ್ಲಕ್ಕೂ ಸಾಕು.

ಹೆಂಡತಿಗೆ, ಮಕ್ಕಳಿಗೆ ಯಾವುದು?

"ಚಿಕ್ಕವರಿಗೆ ಚಿಕ್ಕ 410" ಎನ್ನುವುದು ಎಲ್ಲೆಲ್ಲೂ ಕೇಳುವ ತಪ್ಪು ಸಲಹೆ. 410ರ ಸಾಮಾನ್ಯ ಕ್ಲೇ ತೋಟಾದಲ್ಲಿ 14 ಗ್ರಾಂ ಚರೆ, ಅಂದರೆ 12ರ 28 ಗ್ರಾಂ ತೋಟಾದ ಅರ್ಧ. ನುರಿತವರಿಗೇ ಕಷ್ಟವಾದ ಕೋವಿಯನ್ನು ಕಲಿಯುವವರ ಕೈಗೆ ಕೊಟ್ಟರೆ ಬಿಲ್ಲೆಗಳು ತಪ್ಪುತ್ತಾ ಹೋಗಿ ಅವರು ರೇಂಜಿಗೆ ಬರುವುದನ್ನೇ ಬಿಡುತ್ತಾರೆ. 20 ಗೇಜಿನ ಗ್ಯಾಸ್ ಸೆಮಿ ಆಟೋ, ಗಿಡ್ಡ ಮರ, ಮೆತ್ತಗಿನ ತೋಟಾ ಕೊಡಿ. ಮಾಸ್‌ಬರ್ಗ್, ಬೆರೆಟ್ಟಾ ಮುಂತಾದವರು ಗಿಡ್ಡ ಮರದ ಮಾದರಿಗಳನ್ನು ಮಾಡುತ್ತಾರೆ, ಸೈರನ್ ಎಂಬುದು ಹೆಂಗಸರ ಮೈಕಟ್ಟಿಗೆಂದೇ ಬರುವ ಕೋವಿ. ಗಂಡಸರ ಕೋವಿಯನ್ನೇ ಕೊಟ್ಟು "ಅಭ್ಯಾಸವಾಗುತ್ತೆ ಬಿಡು" ಎನ್ನುವವರ ಮಾತು ಕೇಳಬೇಡಿ. ಆಗುವುದು ಹೆಗಲು ಕಪ್ಪಾಗುವುದು.

ಎಲ್ಲರಿಗೂ ಕಿವಿಗೆ ರಕ್ಷೆ, ಕಣ್ಣಿಗೆ ಕನ್ನಡಕ ಕಡ್ಡಾಯ. ಕೋವಿಯ ಸದ್ದು 150 ಡೆಸಿಬೆಲ್ ದಾಟುತ್ತದೆ, ಹೋದ ಕಿವಿ ಮರಳುವುದಿಲ್ಲ.

ಊರಿಗೆ ಹೋದಾಗ ಅಲ್ಲೂ ಹಕ್ಕಿ ಬೇಟೆ ಆಡಬಹುದೇ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಕೋಳಿ, ಗೌಜಲು, ಕಾಡುಬಾತು ಯಾವುದನ್ನೂ ಹೊಡೆಯುವಂತಿಲ್ಲ. ತಾತನ ಕಾಲದ ಕಥೆಗಳನ್ನು ಕೇಳಿ ಆನಂದಿಸಿ, ಅಷ್ಟಕ್ಕೇ ನಿಲ್ಲಿಸಿ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನೋಡಲು ಅವಕಾಶವಾದರೆ ಬಿಡಬೇಡಿ.

ಕ್ಲೇ ಶೂಟಿಂಗ್ ಮಾತ್ರ ಭಾರತದಲ್ಲಿ ಗಟ್ಟಿಯಾಗಿ ಬೇರೂರಿದೆ. ಬಿಕಾನೇರಿನ ಕರಣಿ ಸಿಂಗ್ 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಟ್ರ್ಯಾಪ್ ಬೆಳ್ಳಿ ಗೆದ್ದರು, ದೆಹಲಿಯ ತುಘಲಕಾಬಾದಿನ ರೇಂಜಿಗೆ ಅವರದೇ ಹೆಸರು. ರಾಜ್ಯವರ್ಧನ ಸಿಂಗ್ ರಾಥೋಡ್ 2004ರ ಅಥೆನ್ಸ್‌ನಲ್ಲಿ ಡಬಲ್ ಟ್ರ್ಯಾಪ್ ಬೆಳ್ಳಿ ತಂದರು, ಮಾನವಜಿತ್ ಸಿಂಗ್ ಸಂಧು 2006ರಲ್ಲಿ ಟ್ರ್ಯಾಪ್ ವಿಶ್ವ ಚಾಂಪಿಯನ್ ಆದರು. 2024ರ ಪ್ಯಾರಿಸ್‌ನಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತಜೀತ್ ಸಿಂಗ್ ನರುಕಾ ಸ್ಕೀಟ್ ಮಿಶ್ರ ತಂಡದ ಕಂಚನ್ನು ಒಂದೇ ಒಂದು ಬಿಲ್ಲೆಯಿಂದ ಕಳೆದುಕೊಂಡರು. ಅಮೆರಿಕದಲ್ಲಿ ಕೊಂಡ ಕೋವಿಯನ್ನು ಸೂಟ್‌ಕೇಸಿನಲ್ಲಿ ಊರಿಗೆ ತರುವ ಯೋಚನೆ ಮಾತ್ರ ಬೇಡ. ಒಂದು ತೋಟಾ ಬ್ಯಾಗಿನ ಮೂಲೆಯಲ್ಲಿ ಉಳಿದಿದ್ದರೂ ವಿಮಾನ ನಿಲ್ದಾಣದಲ್ಲಿ ಪೊಲೀಸ್ ಕೇಸಾಗುತ್ತದೆ. ರೇಂಜಿಗೆ ಒಯ್ಯುವ ಚೀಲವನ್ನು ಪ್ರಯಾಣಕ್ಕೆ ಬಳಸಲೇಬೇಡಿ.

ಬಳಸಿದ ಕೋವಿ ಕೊಳ್ಳಬಹುದೇ? ಏನು ನೋಡಬೇಕು?

ಧಾರಾಳವಾಗಿ. ಒಳ್ಳೆಯ ಓವರ್ ಅಂಡರ್ ಕೈಗೆಟುಕುವ ದಾರಿ ಎಷ್ಟೋ ಜನಕ್ಕೆ ಇದೊಂದೇ. ಕೋವಿ ಮುಚ್ಚಿದಾಗ ಅದನ್ನು ತೆರೆಯಲು ಮೇಲಿರುವ ಸನ್ನೆ ಎಲ್ಲಿ ನಿಲ್ಲುತ್ತದೆ ನೋಡಿ: ಹೊಸದರಲ್ಲಿ ನಡುವಿನಿಂದ ಬಲಕ್ಕಿರುತ್ತದೆ, ಸವೆದಂತೆ ಎಡಕ್ಕೆ ಸರಿಯುತ್ತದೆ. ಮುಂದಿನ ಮರ ಬಿಚ್ಚಿ, ಹಿಂಬದಿ ಮರದ ಕುತ್ತಿಗೆ ಹಿಡಿದು ಮೆಲ್ಲಗೆ ಅಲುಗಿಸಿ, ನಳಿಗೆ ಕಟಕಟ ಎಂದರೆ ಬೇಡ. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಉಂಗುರದಂಥ ನೆರಳು ಕಂಡರೆ ಒಳಗಿನಿಂದ ಉಬ್ಬಿದೆ ಎಂದರ್ಥ, ಅದನ್ನು ಯಾವ ಬೆಲೆಗೂ ಕೊಳ್ಳಬಾರದು. ಟ್ರಿಗರಿನ ಹಿಂದೆ ಮರ ಸಣ್ಣಗಾಗುವ ಜಾಗದಲ್ಲಿ ಕೂದಲೆಳೆಯ ಬಿರುಕಿದೆಯೇ ಬೆರಳಾಡಿಸಿ ನೋಡಿ. ಖಾಲಿ ಅಣಕು ತೋಟಾ ಹಾಕಿ ಎರಡೂ ನಳಿಗೆಯ ಟ್ರಿಗರ್, ಸೇಫ್ಟಿ, ತೋಟಾ ಹೊರಗೆಸೆಯುವ ಸ್ಪ್ರಿಂಗ್ ಪರೀಕ್ಷಿಸಿ. ಆಮೇಲೆ ಮಾರುವವರನ್ನೇ ಜೊತೆಗೆ ಕರೆದುಕೊಂಡು ರೇಂಜಿಗೆ ಹೋಗಿ ಒಂದು ಸುತ್ತು, 25 ಬಿಲ್ಲೆ, ಹೊಡೆದು ನೋಡಿ. ಅದಕ್ಕೆ ಅವರು ಒಪ್ಪದಿದ್ದರೆ ಬೇರೆ ಕೋವಿ ಹುಡುಕಿ.